ಪಾಚಿ ಕೆಲಸ

ಅಕ್ಕಯ್ಯಮ್ಮನ ಊರು ಕಾಮಸಮುದ್ರದ ಪಕ್ಕದ ಒಂದು ಹಳ್ಳಿ. ಹೆಸರಿನಲ್ಲಷ್ಟೇ ಸಮುದ್ರ. ಸಮುದ್ರದ ನೀರಿನಂಥ ನೀರನ್ನು ಆಕೆ ಮೊದಲು ಕಂಡದ್ದು ಐವತ್ತು ದಾಟಿದ ಮೇಲೆ, ಅದೂ ಊರಿಗಾಂ ಪೇಟೆಯ ಸೆಲ್ವರಾಜ್ ಅವರ ಮನೆಯ ಹಾಲ್‌ನಲ್ಲಿ, ಗಾಜಿನ ತೊಟ್ಟಿಯೊಳಗೆ. ವಾರಕ್ಕೆರಡು ಸಲ ಬಸ್ಸಿನಲ್ಲಿ ಬಂದು ಆ ಮನೆಯ ಕಸ ಮುಸುರೆ ಮಾಡಿ ಹೋಗುವವಳು ಆಕೆ. ಸೆಲ್ವರಾಜ್ ಕಾರ್ಖಾನೆಯಿಂದ ರಿಟೈರ್ ಆದ ಮನುಷ್ಯ. ಒಬ್ಬರೇ ಇದ್ದಾರೆ, ತೊಟ್ಟಿ ಇದೆಯಲ್ಲ, ಹೊತ್ತು ಹೋಗುತ್ತದೆ.

ತೊಟ್ಟಿ ಎರಡಂತಸ್ತಿನದು. ಮೇಲೆ ಕಲ್ಲು, ಹವಳ, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ಕೆಳಗೆ, ಮರದ ಬಾಗಿಲ ಹಿಂದೆ ಇನ್ನೊಂದು ಚಿಕ್ಕ ತೊಟ್ಟಿ; ಮೇಲಿನ ನೀರು ಅದಕ್ಕಿಳಿದು ಮತ್ತೆ ಮೇಲೇರುತ್ತದೆ. ಅದರಲ್ಲಿ ನೇರಳೆ ದೀಪದಡಿ ಹಸಿರು ಎಳೆಗಳ ದೊಡ್ಡ ಸಿಕ್ಕು. ಅದು ಸಮುದ್ರದ ಪಾಚಿ, ಸೆಲ್ವರಾಜ್ ಸಾಕಿದ್ದು. ಮೀನು ಹೇತದ್ದನ್ನೆಲ್ಲ ಆ ಪಾಚಿಯೇ ತಿಂದು ನೀರನ್ನು ತಿಳಿಯಾಗಿಡುತ್ತದೆ. ಈ ಮಾತನ್ನು ಅವರು ಅಕ್ಕಯ್ಯಮ್ಮನಿಗೆ ಹೇಳಿರಲಿಲ್ಲ. ಹೇಳಬೇಕಿತ್ತು. ತಮಗೆ ಗೊತ್ತಿರುವುದು ಲೋಕಕ್ಕೆಲ್ಲ ಗೊತ್ತಿರುತ್ತದೆ ಎಂದುಕೊಳ್ಳುವ ಜನಕ್ಕೆ ಏನು ಹೇಳೋಣ!

ಸೆಲ್ವರಾಜ್‌ಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹತ್ತು ದಿನ ಬಂಗಾರಪೇಟೆಯಲ್ಲಿ ಮಗಳು ಸುಮಿತಾಳ ಮನೆಯಲ್ಲಿರಬೇಕು. ಹೊರಡುವ ಮುನ್ನ ಅವರು ಮನೆಯ ಕೀಯನ್ನು ಅಕ್ಕಯ್ಯಮ್ಮನ ಕೈಗಿಟ್ಟರು. ದಿನಾ ಬರಬೇಕು, ಮೀನಿಗೆ ಚಿಟಿಕೆ ತಿಂಡಿ ಹಾಕಬೇಕು, ನೀರು ಇಳಿದರೆ ಗುರುತಿನ ತನಕ ಸಿಹಿನೀರು ತುಂಬಬೇಕು ಎಂದರು. ಕೊನೆಗೆ ಗೇಟಿನ ಹತ್ತಿರ ನಿಂತು ಇನ್ನೊಂದು ಮಾತು ಸೇರಿಸಿದರು.

"ಪಾಚಿ ಕೆಲ್ಸ ಮಾತ್ರ ಮರೀಬೇಡಮ್ಮ. ಜಾಸ್ತಿ ಆದ್ರೆ ತೆಗ್ದಾಕು."

ಅನರ್ಥವಾದದ್ದು ಇಲ್ಲೇ. ಸೆಲ್ವರಾಜ್ ಮನೆಮಾತು ತಮಿಳು, ಅಕ್ಕಯ್ಯಮ್ಮನದು ತೆಲುಗು. ಆಕೆಯ ಮನೆಯಲ್ಲಿ ಪಾಚಿ ಪನಿ ಎಂದರೆ ಕಸ ಗುಡಿಸುವುದು, ಪಾತ್ರೆ ತಿಕ್ಕುವುದು, ಕೊಳೆ ತೆಗೆಯುವುದು. ಅದರಲ್ಲಿ ಆಕೆಯದು ಎತ್ತಿದ ಕೈ. ಮೂವತ್ತು ವರ್ಷ ಎಷ್ಟೋ ಮನೆಗಳಲ್ಲಿ ದುಡಿದಿದ್ದಳು. ಎಲ್ಲ ಕಡೆ ಯಾರಾದರೊಬ್ಬರು ಬೆನ್ನ ಹಿಂದೆ ನಿಂತಿರುತ್ತಿದ್ದರು, ಹೊರಡುವಾಗ ಚೀಲದ ಮೇಲೆ ಕಣ್ಣಾಡಿಸುತ್ತಿದ್ದರು. ನಂಬಿ ಕೀ ಕೊಟ್ಟವರು ಇವರೊಬ್ಬರೇ. ಬಸ್ಸಿನಲ್ಲಿ ಕೂತು ಆಕೆ ಆ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮನೆಯನ್ನು ಕನ್ನಡಿಯ ಹಾಗೆ ಮಾಡಿ ಒಪ್ಪಿಸುತ್ತೇನೆ ಎಂದುಕೊಂಡಳು.

ಮಾಡಿಯೇ ಬಿಟ್ಟಳು. ಮೊದಲ ದಿನ ಬಚ್ಚಲು, ಹಿತ್ತಲ ಬಟ್ಟೆ ಒಗೆಯುವ ಕಲ್ಲು, ಆಮೇಲೆ ಮೀನಿನ ತೊಟ್ಟಿ. ಕೆಳಗಿನ ಬಾಗಿಲು ತೆಗೆದು ನೋಡಿ ದಂಗಾದಳು. ಇಷ್ಟು ಪಾಚಿ ಕಟ್ಟುವ ತನಕ ಈ ಮನುಷ್ಯ ಏನು ಮಾಡುತ್ತಿದ್ದ? ಪಾಪ, ಕಣ್ಣು ಕಾಣುತ್ತಿರಲಿಲ್ಲ. ಸಿಕ್ಕನ್ನು ಎರಡು ಕೈಯಲ್ಲಿ ಬಾಚಿ ನುಗ್ಗೆಮರದ ಬುಡಕ್ಕೆ ಎಸೆದಳು. ತೆಂಗಿನ ನಾರಿನಿಂದ ಗಾಜನ್ನು ತಿಕ್ಕಿ ತಿಕ್ಕಿ ಬೆಳಗಿದಳು. ಕಿಟಕಿಯ ಹತ್ತಿರ ಸೆಲ್ವರಾಜ್ ಕಲಸಿಟ್ಟಿದ್ದ ಒಂದು ಬಕೆಟ್ ಉಪ್ಪುನೀರು ಇತ್ತು. ನಾರನ್ನು ಅದರಲ್ಲೇ ಅದ್ದಿ ಮರೆತಳು. ಖಾಲಿ ತೊಟ್ಟಿಗೆ ದೀಪ ಯಾಕೆ ದಂಡಕ್ಕೆ ಎಂದು ಅದನ್ನೂ ಆರಿಸಿದಳು.

ನಾಲ್ಕನೆಯ ದಿನ ಮೇಲಿನ ಗಾಜು ಹಸಿರಾಗಿತ್ತು. ಒರೆಸಿದಳು. ಮಾರನೆಯ ದಿನ ಇನ್ನಷ್ಟು. ಕಲ್ಲಿನ ಮೇಲೂ ನೂಲು ನೂಲಾಗಿ ಕಟ್ಟಿತ್ತು. ಇದೇನು ಪೀಡೆಯಪ್ಪ! ಕೆಳಗೆ ಬೇರು ಸಹಿತ ಕಿತ್ತರೆ ಮೇಲೆ ಹುಟ್ಟುತ್ತದಲ್ಲ! ಯಾರಾದರೂ ಮಾಟ ಮಾಡಿದರೇ ಎಂದೂ ಯೋಚಿಸಿದಳು. ಆರನೆಯ ದಿನ ಮರೆತ ಬಕೆಟ್ ಕಣ್ಣಿಗೆ ಬಿತ್ತು. ಅದರ ನಾರಿನಲ್ಲೂ ಹಸಿರು. ನಿನ್ನ ಮನೆ ಹಾಳಾಗ ಎಂದು ಬೈದು, ಚೆಲ್ಲಬೇಕೆಂದು ಬಕೆಟ್ ಎತ್ತುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ಅಲ್ಲೇ ಇಟ್ಟು ಓಡಿದಳು.

ಏಳನೆಯ ದಿನ ಮೀನುಗಳು ಕಲ್ಲಿನ ಸಂದಿಯಿಂದ ಹೊರಗೆ ಬರಲಿಲ್ಲ. ಹಾಕಿದ ತಿಂಡಿ ಹಾಗೇ ತೇಲುತ್ತಿತ್ತು. ಅಕ್ಕಯ್ಯಮ್ಮ ತಡಮಾಡದೆ ಬಂಗಾರಪೇಟೆಗೆ ಫೋನ್ ಮಾಡಿದಳು. ಸುಮಿತಾ ಫೋನನ್ನು ಅಪ್ಪನಿಗೆ ಕೊಟ್ಟಳು. ಸೆಲ್ವರಾಜ್ ಮೊದಲು ಕೇಳಿದ್ದೇ ಪಾಚಿ ಹೇಗಿದೆ ಎಂದು.

"ಒಂದು ಎಳೇನೂ ಇಲ್ಲ ಸಾರ್. ಮೊದಲ್ನೇ ದಿನಾನೇ ಕಿತ್ತಾಕಿ ತಿಕ್ಬುಟ್ಟೆ," ಎಂದಳು ಅಕ್ಕಯ್ಯಮ್ಮ, ಅಷ್ಟಾದರೂ ಸಮಾಧಾನವಿರಲಿ ಎಂದು.

ಸೆಲ್ವರಾಜ್ ನಿಧಾನವಾಗಿ ಎಲ್ಲ ಹೇಳಿದರು. ಜಾಸ್ತಿ ಆದರೆ ಎಂದರೆ ಅರ್ಧ ತೆಗೆ ಎಂದಂತೆ. ಅದು ಕೊಳೆಯಲ್ಲ, ಕೊಳೆ ತಿನ್ನುವಂಥದ್ದು. ಕೆಳಗೆ ಅದಿಲ್ಲದ್ದಕ್ಕೇ ಮೇಲೆ ಕೆಟ್ಟ ಪಾಚಿ ಕಟ್ಟುತ್ತಿದೆ. ಹನ್ನೊಂದು ವರ್ಷದ ಮೀನುಗಳಮ್ಮ ಅವು, ಎಂದರು. ಬೈಯಲಿಲ್ಲ. ಬೈದಿದ್ದರೆ ಆಕೆಗೆ ಹಗುರವಾಗುತ್ತಿತ್ತು.

ಒಳ್ಳೆಯ ಪಾಚಿ, ಕೆಟ್ಟ ಪಾಚಿ! ಮೂವತ್ತು ವರ್ಷ ತಿಕ್ಕಿದವಳಿಗೆ ತಲೆ ಗಿರ್ರೆಂದಿತು. ನುಗ್ಗೆಮರದ ಬುಡಕ್ಕೆ ಓಡಿದಳು. ಅಲ್ಲಿದ್ದದ್ದು ಒಣಗಿ ಹುಲ್ಲಾಗಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟಳು. ನಂಬಿ ಕೀ ಕೊಟ್ಟ ಒಬ್ಬ ಮನುಷ್ಯನಿಗೆ ಹೀಗೆ ಮಾಡಿದೆನಲ್ಲ ಎಂದು ಅತ್ತಳು. ಮೂಗು ಒರೆಸಿಕೊಳ್ಳುವಾಗ ಬಕೆಟ್ ನೆನಪಾಯಿತು.

ನಾರಿನ ಸಂದುಗಳಲ್ಲಿ ಸಿಕ್ಕಿಬಿದ್ದ ಎಳೆಗಳು ಅಲ್ಲಿ ಬದುಕಿದ್ದವು. ಮಾತ್ರವಲ್ಲ, ಕಿಟಕಿಯ ಬಿಸಿಲಿಗೆ ಚಿಗುರಿದ್ದವು ಕೂಡ. ಪಾಚಿ ಕಂಡು ಅಕ್ಕಯ್ಯಮ್ಮನಿಗೆ ಸಂತೋಷವಾದದ್ದು ಜನ್ಮದಲ್ಲಿ ಅದೇ ಮೊದಲು. ಹೇನು ಹೆಕ್ಕುವ ಹಾಗೆ ಒಂದೊಂದೇ ಎಳೆ ಬಿಡಿಸಿ ಕೆಳಗಿನ ತೊಟ್ಟಿಗೆ ಬಿಟ್ಟು ದೀಪ ಹಾಕಿದಳು. ಎಲ್ಲ ಸೇರಿ ಒಂದು ಮುಷ್ಟಿಯೂ ಇರಲಿಲ್ಲ. ಸೆಲ್ವರಾಜ್ ಫೋನಿನಲ್ಲಿ ಹೇಳಿಕೊಟ್ಟಂತೆ ಉಪ್ಪುನೀರು ಕಲಸಿ, ಮೂರು ದಿನ ಸ್ವಲ್ಪ ಸ್ವಲ್ಪವೇ ನೀರು ಬದಲಿಸಿದಳು.

ಹತ್ತನೆಯ ದಿನ ಸೆಲ್ವರಾಜ್ ಕಪ್ಪು ಕನ್ನಡಕ ಹಾಕಿಕೊಂಡು ಮಗಳ ಜೊತೆ ಬಂದಿಳಿದರು. ಅಕ್ಕಯ್ಯಮ್ಮ ಸೆರಗಿನ ಗಂಟು ಬಿಚ್ಚಿ ಕೀಯನ್ನು ಕೈಯಲ್ಲಿ ಹಿಡಿದೇ ಗೇಟಿನಲ್ಲಿ ನಿಂತಿದ್ದಳು. ಅವರು ಕೀ ನೋಡದೆ ನೇರವಾಗಿ ತೊಟ್ಟಿಯ ಹತ್ತಿರ ಹೋದರು. ಮೇಲೆ ಎರಡೂ ಮೀನು ಈಜುತ್ತಿದ್ದವು, ಒಂದು ತುಸು ಮಂಕಾಗಿತ್ತು. ಕೆಳಗಿನ ಹಸಿರನ್ನು ಕನ್ನಡಕ ತೆಗೆದು ನೋಡಿದರು. ಮಗಳು ಬೇಡ ಎಂದರೂ ತೆಗೆದರು. ಆಮೇಲೆ ಮುಖ ತೊಳೆಯಲು ಹಿತ್ತಲಿಗೆ ಹೋದರೆ ಬಟ್ಟೆ ಒಗೆಯುವ ಕಲ್ಲು, ಬಚ್ಚಲು ಎಲ್ಲ ಹಸಿರು ಕಟ್ಟಿಕೊಂಡು ಜಾರುತ್ತಿದ್ದವು.

"ಇದ್ಯಾಕಮ್ಮ ಹಿಂಗೆ ಬಿಟ್ಟಿದ್ದೀಯ?"

"ಯಾವುದು ಒಳ್ಳೇದೋ ಗೊತ್ತಾಗ್ನಿಲ್ಲ ಸಾರ್," ಎಂದಳು ಅಕ್ಕಯ್ಯಮ್ಮ. "ಅದುಕ್ಕೇ ಯಾವುದುನ್ನೂ ಮುಟ್ನಿಲ್ಲ. ತಗಳಿ, ನಿಮ್ ಕೀ."

ಸೆಲ್ವರಾಜ್ ನಗಬಾರದೆಂದು ನೋಡಿದರು, ಆಗಲಿಲ್ಲ. ಆಕೆಯ ಬೆರಳುಗಳನ್ನು ಕೀಯ ಮೇಲೆ ಮಡಚಿದರು.

"ನಮ್ ತಮಿಳಲ್ಲಿ ಇದುಕ್ಕೆ ಪಾಸಿ ಅಂತೀವಿ. ಇನ್ಮೇಲೆ ಬೆಳೆಸೋದು ಪಾಸಿ, ತಿಕ್ಕೋದು ಪಾಚಿ. ಕೀ ನಿನ್ನತ್ರಾನೇ ಇರ್ಲಿ."

ಅಂದೇ ಆಕೆ ಬಚ್ಚಲನ್ನೂ ಕಲ್ಲನ್ನೂ ಫಳಫಳ ಮಾಡಿ ಹೋದಳು. ಆದರೆ ತಿಕ್ಕಿದ ನಾರನ್ನು ಹಾಗೇ ಎಸೆಯಲು ಮನಸ್ಸಾಗಲಿಲ್ಲ. ಬೆಳಕಿಗೆ ಹಿಡಿದು ಎಳೆ ಎಳೆ ನೋಡಿಯೇ ಎಸೆದಳು. ಇವತ್ತಿಗೂ ಹಾಗೇ ಮಾಡುತ್ತಾಳೆ.