ಹಸಿದ ಹೊಟ್ಟೆಯ ಸಕ್ಕರೆ

"ಇನ್ನೊಂದ್ಸಲ ಚುಚ್ಚಿ ನೋಡಿ ಸಿಸ್ಟರ್, ಮಿಷನ್ನೇ ಕೆಟ್ಟಿರ್ಬೇಕು," ಎಂದು ಕ್ರೇನ್ ಚಾಲಕ ಇನ್ನೊಂದು ಕೈಯ ಬೆರಳನ್ನೂ ಮುಂದೆ ಚಾಚಿದ. ನರ್ಸ್ ಚುಚ್ಚಿದಳು. ಸಕ್ಕರೆ ಮೊದಲಿಗಿಂತ ತುಸು ಹೆಚ್ಚೇ ಬಂತು.

ಕಟ್ಟಡಕ್ಕಿಂತ ಎತ್ತರದಲ್ಲಿ, ಕ್ರೇನಿನ ಗೂಡಿನೊಳಗೆ ಒಬ್ಬನೇ ಕೂತು ದುಡಿಯುವವನು ಅವನು. ಬೆಳಿಗ್ಗೆ ಏಣಿ ಹತ್ತಿದರೆ ಪಾಳಿ ಮುಗಿಯುವವರೆಗೆ ಇಳಿಯುವಂತಿಲ್ಲ. ಊಟದ ಬದಲು ಫ್ಲಾಸ್ಕಿನ ಚಹಾ. ಅದರ ತಳದಲ್ಲಿ ಸಕ್ಕರೆ ಪಾಕದಂತೆ ನಿಂತಿರಬೇಕು, ಇಲ್ಲದಿದ್ದರೆ ಮಧ್ಯಾಹ್ನ ಕಣ್ಣು ಎಳೆಯುತ್ತದೆ. ವರ್ಷಗಟ್ಟಲೆ ಹಾಗೆ ಕುಡಿದವನಿಗೆ ಹೋದ ತಿಂಗಳು ಕಂಪನಿಯ ಡಾಕ್ಟರು, ಸಕ್ಕರೆ ಮಿತಿ ಮೀರಿದೆ, ತಿಂಗಳೊಳಗೆ ಇಳಿಸಿಕೊಂಡು ಬಾರದಿದ್ದರೆ ಮೇಲೆ ಹತ್ತಲು ಬಿಡುವುದಿಲ್ಲ ಎಂದರು. ಮೇಲೆ ತಲೆ ಸುತ್ತಿದರೆ ಕೆಳಗಿರುವವರ ಗತಿಯೇನು ಎಂಬುದು ಅವನಿಗೂ ಗೊತ್ತಿತ್ತು. ಆದರೆ ನೆಲದ ಮೇಲೆ ಮಾಡುವ ಯಾವ ಕೆಲಸವೂ ಅವನಿಗೆ ಬರುತ್ತಿರಲಿಲ್ಲ.

ಸಕ್ಕರೆಗೆ ಅವತ್ತೇ ಎಳ್ಳುನೀರು ಬಿಟ್ಟ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೆಲಸದ ಜಾಗದಲ್ಲಿ ಎಲ್ಲರೂ ಡಾಕ್ಟರುಗಳೇ. "ದುಡಿದ್ರೆ ಸಕ್ಕರೆ ತಾನಾಗೇ ಕರಗುತ್ತೆ ಕಣೋ, ಡಬಲ್ ಪಾಳಿ ಮಾಡು," ಎಂದ ಕೆಳಗಿನಿಂದ ಅವನಿಗೆ ಸನ್ನೆ ಕೊಡುವ ಗೆಳೆಯ. ಕೂತು ಮಾಡುವ ಕೆಲಸದಲ್ಲಿ ಕರಗುವುದೇನು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಪರೀಕ್ಷೆಗೆ ಮುಂಚಿನ ವಾರವೆಲ್ಲ ಪಾಳಿಯ ಮೇಲೆ ಪಾಳಿ, ಹೊಟ್ಟೆಗೆ ನೀರೇ ಹೆಚ್ಚು. ನಡುವೆ ಒಂದಿಷ್ಟು ಹೊತ್ತು ಮಲಗಿದರೂ ಇವತ್ತಿನ ಪರೀಕ್ಷೆಯ ಭಯ ಎದೆಯ ಮೇಲೆ ಬಂದು ಕೂರುತ್ತಿತ್ತು.

"ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತ್ರೀ?" ಡಾಕ್ಟರು ಕೇಳಿದರು.

"ಸಕ್ಕರೆ ಒಂದು ಹರಳೂ ಮುಟ್ಟಿಲ್ಲ ಸಾರ್. ಹೆಂಡ್ತಿ ಹೊರಗೇ ಇದ್ದಾಳೆ, ಕೇಳಿ ಬೇಕಾದ್ರೆ."

"ನಂಬ್ತೀನಿ. ಆದ್ರೆ ನಿದ್ದೆಗೆಟ್ಟು, ಹೊಟ್ಟೆ ಕಟ್ಟಿ, ಹೆದರಿಕೊಂಡೇ ಇದ್ರೆ ಮೈ ಗಾಬರಿಯಾಗಿ ತನ್ನೊಳಗಿನ ಸಕ್ಕರೆನೇ ರಕ್ತಕ್ಕೆ ಸುರಿಯುತ್ತೆ. ಇಷ್ಟು ವರ್ಷ ಕುಡಿದದ್ದರ ಜೊತೆ ಈಗ ಇದೂ ಸೇರ್ಕೊಂಡಿದೆ. ಮಾತ್ರೆ ಕೊಡ್ತೀನಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ನಿದ್ದೆ ಮಾಡಿ. ಮುಂದಿನ ವಾರ ಕೊನೇ ಸಲ ನೋಡೋಣ. ಆಗ್ಲೂ ಇಳೀದಿದ್ರೆ ನಾನು ಸಹಿ ಹಾಕೋಕಾಗಲ್ಲ."

"ಸಕ್ಕರೆ ಬಿಡು ಅಂದ್ರಿ, ಬಿಟ್ಟೆ. ಹೆದರಿಕೆ ಹೇಗೆ ಬಿಡೋದು ಸಾರ್?"

ಡಾಕ್ಟರು ತಲೆಯೆತ್ತದೆ ಮಾತ್ರೆ ಬರೆದುಕೊಟ್ಟರು.

"ಏನಂದ್ರು?" ಹೊರಗೆ ಬೆಂಚಿನಿಂದ ಹೆಂಡತಿ ದಡಬಡಿಸಿ ಎದ್ದಳು.

"ನಿದ್ದೆ ಮಾಡ್ಬೇಕಂತೆ."

ಮನೆಗೆ ಬಂದವಳೇ ಅವಳು ಟೊಂಕ ಕಟ್ಟಿ ನಿಂತಳು. ಬಿಸಿ ಊಟ ಬಡಿಸಿ, ಎದುರಿಗೇ ಕೂತು ಮಾತ್ರೆ ನುಂಗಿಸಿದಳು. ಕಿಟಕಿಗೆ ಕಂಬಳಿ ಕಟ್ಟಿ ಹಟ್ಟಹಗಲಲ್ಲೇ ಕೋಣೆ ಕತ್ತಲು ಮಾಡಿದಳು. ಪಕ್ಕದ ಮನೆಯ ಟಿವಿಯ ಬಾಯಿ ಮುಚ್ಚಿಸಿ ಬಂದು, ಬಾಗಿಲ ಹೊರಗೆ ಕಾವಲು ಕೂತಳು.

ಅವನು ಅಂಗಾತ ಮಲಗಿದ. ನಿದ್ದೆ ಬಾರದಿದ್ದರೆ ಸಕ್ಕರೆ ಏರುತ್ತದೆ, ಏರಿದರೆ ಕೆಲಸ ಹೋಗುತ್ತದೆ ಎಂದು ನೆನೆದಷ್ಟೂ ಕಣ್ಣು ಅಗಲವಾಗುತ್ತಿತ್ತು. ಈಗಲೂ ಮೈಯೊಳಗೆ ಎಲ್ಲೋ ಸಕ್ಕರೆ ಸುರಿಯುತ್ತಿದೆ ಎನಿಸಿ, ಮಂಚದ ಅಂಚುಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

"ನಿದ್ದೆ ಬಂತೇನ್ರೀ?" ಬಾಗಿಲಾಚೆಯಿಂದ ಪಿಸುದನಿ ಕೇಳಿತು.

"ಬಂತು ಕಣೆ."

ಅವಳು ಬಾಗಿಲ ಕೆಳಗಿನ ಸಂದಿಗೂ ಒಂದು ಬಟ್ಟೆ ತುರುಕಿದಳು.

"ಹಾಗಾದ್ರೆ ಮಲ್ಕೊಳ್ಳಿ," ಎಂದಳು.