ಮತ್ತಿಮರಕ್ಕೆ ಒರಗಿದ ಬಿದಿರು

"ಹನ್ನೊಂದು," ಎಂದು ಬಸಲಿಂಗಯ್ಯ ಎಣಿಸಿ ಮುಗಿಸಿದ.

"ಮುರಿದು ಬಿದ್ದವನ್ನ ಹಿಡದ್ರ ಹದಿಮೂರ್ರಿ, ಅಯ್ನೋರ," ಅಂದಳು ಆಯಾ ಕಾತರಿನಾ. ಕಾಲಿನಿಂದ ತರಗೆಲೆ ಸರಿಸಿ ತೋರಿಸಿದಳು. ಹಳ್ಳದ ದಂಡೆಯ ಮತ್ತಿಮರಕ್ಕೆ ಬಿದಿರಿನ ಗಳಗಳು ಸಾಲಾಗಿ ಒರಗಿದ್ದವು. ಕೆಲವಕ್ಕೆ ಗೆದ್ದಲು ಹತ್ತಿತ್ತು.

ಬಸಲಿಂಗಯ್ಯ ಮಡ್ಡಿಹಳ್ಳದ ಸರಕಾರಿ ದವಾಖಾನೆಯ ಕಾರಕೂನ. ಹಳಿಯಾಳದವನು. ಜೋಯಿಡಾದ ಕಾಡಿಗೆ ವರ್ಗವಾದಾಗ ಶಿಕ್ಷೆ ಎಂದುಕೊಂಡೇ ಬಂದಿದ್ದ. ಆರು ವರ್ಷದಲ್ಲಿ ಒಗ್ಗಿಹೋಗಿದ್ದ. ಅವನ ಹೆಮ್ಮೆಯೆಲ್ಲ ತಿಂಗಳ ವರದಿಯಲ್ಲಿತ್ತು. ಒಂದು ಗೀಟು ಸೊಟ್ಟಗಾಗುತ್ತಿರಲಿಲ್ಲ, ಐದನೇ ತಾರೀಖು ದಾಟುತ್ತಿರಲಿಲ್ಲ. ಅದರ ಒಂಬತ್ತನೇ ಕಲಮು, 'ದವಾಖಾನೆಗೆ ತರುವಾಗ ದಾರಿಯಲ್ಲಿ ತೀರಿಕೊಂಡವರು'. ಅಲ್ಲಿ ಆರು ವರ್ಷವೂ ದುಂಡಗಿನ ಸೊನ್ನೆ. ಅದನ್ನು ಬರೆಯುವಾಗ ತಾನೇ ಯಾರನ್ನೋ ಉಳಿಸಿದಂತೆ ಖುಷಿಪಡುತ್ತಿದ್ದ. ಪಾಪ, ಅದರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ದಾರಿಯಲ್ಲಿ ಸತ್ತವರು ಅವನ ಟೇಬಲ್ಲಿನ ತನಕ ಬಂದಿರಲಿಲ್ಲ, ಅಷ್ಟೇ.

ಹೋದ ವಾರ ಕಾಗದ ಬಂದಿತ್ತು. ದಿಲ್ಲಿಯಲ್ಲಿ ಹೊಸ ಯೋಜನೆಯಾಗಿದೆ, ರೋಗಿಗಳನ್ನು ಸಾಗಿಸಲು ಜೀಪು ಕೊಡುತ್ತಾರೆ, ಮೂರು ವರ್ಷದ ಅಂಕಿ ನೋಡಿ ಕೊಡುತ್ತಾರೆ. ಪಟ್ಟಿಯಲ್ಲಿ ಮಡ್ಡಿಹಳ್ಳ ಕಟ್ಟಕಡೆಗಿತ್ತು. 'ಒಂಬತ್ತನೇ ಕಲಮು ಸೊನ್ನೆ ಇರುವುದರಿಂದ ಅಗತ್ಯ ಕಂಡುಬಂದಿಲ್ಲ.' ತಕರಾರಿದ್ದರೆ ಹದಿನೈದು ದಿನದೊಳಗೆ ಹೆಸರು, ತಿಂಗಳು ಸಮೇತ ತಿಳಿಸಬೇಕು.

ಬಸಲಿಂಗಯ್ಯ ಇದನ್ನು ಗಟ್ಟಿಯಾಗಿ ಓದಿದಾಗ ನೆಲ ಒರೆಸುತ್ತಿದ್ದ ಕಾತರಿನಾ ಕೈ ನಿಲ್ಲಿಸಿದಳು.

"ಸೊನ್ನಿ ಅಂತ ಯಾರು ಹೇಳಿದ್ರಿ?"

"ನಾನ ಬರದೇನಿ. ಯಾಕ?"

"ನಮ್ಮ ವಾಡೆಕ ಒಂದ್ಸಲ ಬರ್ರಿ. ನನ್ನ ಸೊಸಿಗೆ ಆಷಾಢದಾಗ ದಿನ ತುಂಬತಾವು. ಮೊದಲನೇದು ಹೊಟ್ಟಿಯಾಗನ ಹೋತು. ಜೀಪು ಬರೂದಿದ್ರ ಬರ್ಲಿ."

ಹಾಗಾಗಿ ಈ ಭಾನುವಾರ ಇಬ್ಬರೂ ಇಲ್ಲಿಗೆ ನಡೆದು ಬಂದಿದ್ದರು. ಗುಡ್ಡದ ಮೇಲಿನ ಸಿದ್ದಿಗಳ ವಾಡೆಯಿಂದ, ಅಂದರೆ ಅವರ ಕೇರಿಯಿಂದ, ದವಾಖಾನೆಗೆ ಮೂರು ತಾಸಿನ ದಾರಿ. ಗಳಕ್ಕೆ ಕಂಬಳಿಯ ಜೋಲಿ ಕಟ್ಟಿ ರೋಗಿಯನ್ನು ಹೊತ್ತು ತರುತ್ತಾರೆ. ದಾರಿಯಲ್ಲಿ ಉಸಿರು ನಿಂತರೆ ಮುಂದೆ ಬಂದು ಮಾಡುವುದೇನು, ತಿರುಗಿಬಿಡುತ್ತಾರೆ. ಆದರೆ ಆ ಗಳವನ್ನು ಮನೆಗೆ ಒಯ್ಯುವಂತಿಲ್ಲ. ಮತ್ತಿಮರಕ್ಕೆ ಒರಗಿಸಿ, ಬೇರೆ ಬಿದಿರು ಕಡಿದು ಹೆಣ ಹೊರುತ್ತಾರೆ.

ತಕರಾರು ಬರೆಯಲು ಬಸಲಿಂಗಯ್ಯ ಚೀಲದಿಂದ ಖಾಲಿ ಕಾಗದ ತೆಗೆದ. ಈ ವರ್ಷದ ಬಡ್ತಿಯ ಪಟ್ಟಿಯಲ್ಲಿ ಅವನ ಹೆಸರಿತ್ತು. ಇದನ್ನು ಕಳಿಸಿದರೆ ಆರು ವರ್ಷದ ವರದಿ ಸುಳ್ಳೆಂದು ತಾನೇ ಬರೆದುಕೊಟ್ಟಂತೆ. ಪೆನ್ನಿನ ಟೋಪಿ ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಮೂರು ವರ್ಷದೊಳಗಿನವಷ್ಟ ಹೇಳು."

"ಇದು ಮ್ಯಾಲಿನ ಮನಿ ಜುಜೆಂದು. ಹೋದ ಶ್ರಾವಣದಾಗ ಹಾವು ಕಡದಿತ್ತು. ಇದು ರುಕ್ಮಾಂದು, ಹೆರಿಗಿ ಆಗಲಿಲ್ಲ. ಅದರ ಹಿಂದಿಂದು ರಾಮಾನ ಮಗಳದು, ವಾಂತಿ ಭೇದಿ. ಕೂಸು ಹಗೂರ ಇತ್ತು, ಅದಕ್ಕ ಗಳಾನೂ ಸಣ್ಣದು."

ಅವಳು ಒಂದೊಂದೇ ಗಳ ಮುಟ್ಟಿ ಹೇಳಿದಳು. ಇವನು ಬರೆಯುತ್ತ ಹೋದ. ಆರು ಹೆಸರಾದವು. ಏಳನೇ ಗಳಕ್ಕೆ ಹಗ್ಗದ ತುಂಡೊಂದು ಇನ್ನೂ ಸುತ್ತಿಕೊಂಡಿತ್ತು. ಕಾತರಿನಾ ಅದನ್ನು ಬಿಚ್ಚತೊಡಗಿದಳು.

"ಇದು?"

"ನಮ್ಮ ಇನಾಸಂದ್ರಿ."

ಇನಾಸ ಅವಳ ಗಂಡ. ಅವನು ಸತ್ತಾಗ ಅವಳಿಗೆ ನಾಲ್ಕು ದಿನ ರಜೆ ಬರೆದುಕೊಟ್ಟವನು ಬಸಲಿಂಗಯ್ಯನೇ.

"ಮನಿಯಾಗ ತೀರಿಕೊಂಡ ಅಂತ ಬರಕೊಂಡೇನಲ್ಲ ನಾನು?"

"ಎದಕ್ಕ ಸತ್ತ ಅಂತ ಕೇಳಿದ್ರಿ. ಜ್ವರ ಅಂದೆ. ಎಲ್ಲಿ ಅಂತ ಕೇಳಲಿಲ್ರಿ."

ಬಸಲಿಂಗಯ್ಯನಿಗೆ ನಾಚಿಕೆಯಾಯಿತು. ದಿನವೂ ಎದುರಿಗೇ ನೆಲ ಒರೆಸುತ್ತಿದ್ದವಳು. ಏಳನೇ ಹೆಸರು ಬರೆದು, ಅದರ ಕೆಳಗೆ 'ಹಿಂದಿನ ವರದಿಗಳು ತಪ್ಪು, ತಪ್ಪು ನನ್ನದು' ಎಂದು ಬರೆದು ಸಹಿ ಮಾಡಿದ. ಮೊಣಕಾಲ ಮೇಲೆ ಇಟ್ಟು ಬರೆದದ್ದರಿಂದ ಸಾಲು ಸೊಟ್ಟಗಾಗಿತ್ತು.

"ಮಳಿಗಾಲದೊಳಗ ಬರ್ತೈತೇನ್ರಿ ಜೀಪು?"

"ನಾಳೆ ಟಪಾಲಿಗೆ ಹಾಕ್ತೇನಿ. ಇದು ಕಾರವಾರಕ್ಕ ಹೋಗಬೇಕು, ಬೆಂಗಳೂರಿಗೆ ಹೋಗಬೇಕು, ದಿಲ್ಲಿಗೆ ಹೋಗಬೇಕು. ಬರೂದು ಯಾವಾಗಂತ ಹೆಂಗ ಹೇಳ್ಲಿ, ಕಾತರಿನಾ?"

"ಇರ್ಲಿ ಬಿಡ್ರಿ. ಇಲ್ಲೀತನಕ ಬಂದೀರಿ, ಚಾ ಕುಡದು ಹೋಗೂಣು ಬರ್ರಿ."

ವಾಡೆಯಲ್ಲಿ ಅವಳ ಮನೆಯೇ ಮೊದಲನೆಯದು. ಅಂಗಳದಲ್ಲಿ ಎರಡು ಕವಲುಗೂಟಗಳ ಮೇಲೆ ಹಸಿರು ಮಾಸದ ಹೊಸ ಬಿದಿರಿನ ಗಳವೊಂದನ್ನು ಅಡ್ಡ ಇಟ್ಟಿದ್ದರು. ಹೆಗಲಿಗೆ ಒತ್ತದಂತೆ ಗಿಣ್ಣುಗಳನ್ನು ಕೆತ್ತಿ ನುಣ್ಣಗೆ ಮಾಡಲಾಗಿತ್ತು. ತುಂಬು ಹೊಟ್ಟೆಯ ಸೊಸೆ ಒಗೆದ ಕಂಬಳಿಯನ್ನು ಅದರ ಮೇಲೆ ಹರವಿ, ಎರಡೂ ತುದಿ ಸಮನಾಗುವಂತೆ ಎಳೆಯುತ್ತಿದ್ದಳು.