ಸಹಾಯ ಪುಟ ತಪ್ಪಾಗಿದ್ದರೆ ತಿದ್ದಿಸಿ

ನಮ್ಮ ಕಾಯಿಲೆಯ ಸುದ್ದಿ ಪಕ್ಕದ ಅಂಗಡಿಯವರ ಬಾಯಲ್ಲಿ ಕೇಳಿದರೆ ಯಾರಿಗೆ ತಾನೆ ಮೈ ಉರಿಯುವುದಿಲ್ಲ? ನಮ್ಮ ಬೀದಿಯ ಟೈಲರಮ್ಮನಿಗೆ ಆದದ್ದು ಅದೇ. ಮಾತ್ರೆ ಕೊಳ್ಳಲು ಹೋದಾಗ ಔಷಧಿ ಅಂಗಡಿಯವನು, ಹೊಟ್ಟೆಯಲ್ಲಿ ಗಡ್ಡೆ ಇದೆಯಂತಲ್ಲ, ಪಾಪ ಎಂದುಬಿಟ್ಟ. ಪಕ್ಕದ ಕ್ಲಿನಿಕ್ಕಿಗೂ ಅವನ ಅಂಗಡಿಗೂ ಇಂಟರ್ನೆಟ್ ಸಂಪರ್ಕ ಒಂದೇ. ಕ್ಲಿನಿಕ್ಕಿನ ರಿಪೋರ್ಟುಗಳೆಲ್ಲ ಅವನ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತಿದ್ದವು. ಟೈಲರಮ್ಮ ಸೀದಾ ಕ್ಲಿನಿಕ್ಕಿನ ಡಾಕ್ಟರಮ್ಮನ ಬಳಿ ಹೋಗಿ, ಮಕ್ಕಳಿಗೇ ಇನ್ನೂ ಹೇಳಿಲ್ಲ, ನನಗೆ ನಿಮ್ಮ ಆಪರೇಷನ್ನೇ ಬೇಡ ಎಂದು ಅತ್ತರು. ಆಪರೇಷನ್ ತಡಮಾಡುವ ಹಾಗಿರಲಿಲ್ಲ.

ಡಾಕ್ಟರಮ್ಮ ಮೊದಲು ಅಂಗಡಿಯವನ ಚಳಿ ಬಿಡಿಸಿದರು. ಆಮೇಲೆ ಕಂಪ್ಯೂಟರ್ ನೋಡಿಕೊಳ್ಳುವ ಗಂಡನನ್ನು ಕೇಳಿದರು. ನಮ್ಮ ಫೈಲುಗಳನ್ನು ಬೇರೆ ಕಂಪ್ಯೂಟರಿನಲ್ಲೂ ತೆರೆಯಲು ಬಿಡುವ ಫೈಲ್ ಹಂಚುವ ಸೇವೆಯನ್ನು ಎಂದೋ ನಿಲ್ಲಿಸಿದ್ದೇನೆ, ಸಾಫ್ಟ್‌ವೇರಿನ ಸಹಾಯ ಪುಟದಲ್ಲಿ ಇದ್ದದ್ದನ್ನು ಚಾಚೂ ತಪ್ಪದೆ ಮಾಡಿದ್ದೇನೆ ಎಂದು ಅವರು ವಾದಿಸಿದರು. 'ಸ್ಟಾಪ್ ಒತ್ತಿದರೆ ಸೇವೆ ಶಾಶ್ವತವಾಗಿ ಮುಚ್ಚುತ್ತದೆ' ಎಂದು ಪುಟದಲ್ಲಿ ನಿಜಕ್ಕೂ ಇತ್ತು.

ಡಾಕ್ಟರಮ್ಮನ ತಂಗಿಗೆ ನೆಟ್‌ವರ್ಕ್ ಕೆಲಸವೇ ಉದ್ಯೋಗ. ಅವಳು ಬಂದು ನೋಡಿದಳು.

"ಭಾವ, ನಿಮ್ಮ ತಪ್ಪಿಲ್ಲ, ಪುಟಾನೇ ತಪ್ಪು. ಸ್ಟಾಪ್ ಒತ್ತಿದ್ರೆ ಸದ್ಯಕ್ಕೆ ನಿಲ್ಲುತ್ತೆ, ಅಷ್ಟೆ. ಕರೆಂಟ್ ಹೋಗಿ ಬಂತು ಅಂದ್ರೆ ಕಂಪ್ಯೂಟರ್ ಜೊತೆ ಇದೂ ಎದ್ದು ಕೂರುತ್ತೆ. ಮತ್ತೆ ತಾನಾಗಿ ಏಳದ ಹಾಗೆ ಡಿಸೇಬಲ್ ಅಂತಾನೂ ಮಾಡ್ಬೇಕು."

ಹಾಗೇ ಮಾಡಿದಳು. ಕಂಪ್ಯೂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ, ಔಷಧಿ ಅಂಗಡಿಯ ಕಂಪ್ಯೂಟರಿನಿಂದ ಹುಡುಕಿದಳು. ಒಂದು ರಿಪೋರ್ಟೂ ಕಾಣಲಿಲ್ಲ. ಅಂಗಡಿಯವನ ಬಳಿ ಉಳಿದಿದ್ದ ಪ್ರತಿಗಳನ್ನು ಎದುರೇ ನಿಂತು ಅಳಿಸಿ ಹಾಕಿಸಿದಳು.

ಭಾವ ನಿಟ್ಟುಸಿರು ಬಿಟ್ಟರು. "ನಮ್ದು ಸರಿಹೋಯ್ತಲ್ಲ. ಊರ ಉಸಾಬರಿ ನಮಗ್ಯಾಕೆ?"

"ಇದೇ ಪುಟ ನಂಬ್ಕೊಂಡು ಇನ್ನೆಷ್ಟು ಕ್ಲಿನಿಕ್‌ನೋರು ಕೂತಿದಾರೋ. ಅಲ್ಲೂ ಒಬ್ರು ಟೈಲರಮ್ಮ ಇರ್ತಾರೆ ಭಾವ."

ಭಾವ ಅಂದೇ ಸಾಫ್ಟ್‌ವೇರಿನವರಿಗೆ ಬರೆದರು. ಪುಟ ಸರಿಯಾಗಿದೆ, ನಿಮ್ಮ ಕಂಪ್ಯೂಟರನ್ನೇ ನೋಡಿಕೊಳ್ಳಿ ಎಂದು ಉತ್ತರ ಬಂತು. ಅಷ್ಟು ಸಾಕಾಯಿತು, ಊರ ಉಸಾಬರಿ ಬೇಡ ಎಂದಿದ್ದ ಮನುಷ್ಯ ಹಟ ಹಿಡಿದರು. ಸೇವೆ ನಿಲ್ಲುವುದು, ಕಂಪ್ಯೂಟರ್ ಮತ್ತೆ ಆನ್ ಆದಾಗ ಅದು ತಾನಾಗಿ ಶುರುವಾಗುವುದು, ಎರಡನ್ನೂ ಫೋನಿನಲ್ಲಿ ಚಿತ್ರೀಕರಿಸಿದರು. ತಪ್ಪು ಎಂದಷ್ಟೇ ಹೇಳದೆ ಸರಿಯಾದ ಸಾಲುಗಳನ್ನೂ ಬರೆದುಕೊಡಿ ಎಂದು ನಾದಿನಿ ಹೇಳಿದ್ದರಿಂದ ಅದನ್ನೂ ಬರೆದು ಕಳಿಸಿದರು. ಸದ್ದಿಲ್ಲ. ಮತ್ತೆ ಬರೆದರು, ಮತ್ತೂ ಬರೆದರು. ಕೊನೆಗೆ, ಆ ವಾರ ಮುಗಿಯುವುದರೊಳಗೇ, ಪುಟ ಬದಲಾಯಿತು.

ಅದನ್ನು ಫೋನಿನಲ್ಲಿ ತೆಗೆದುಕೊಂಡು ಟೈಲರಮ್ಮನ ಅಂಗಡಿಗೆ ಹೋದರು. ಆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ ಕ್ಷಮೆ ಕೇಳಿದರು. ಟೈಲರಮ್ಮ ಹೊಲಿಗೆ ನಿಲ್ಲಿಸಿ ಪೂರ್ತಿ ಓದಿದರು.

"ಅವತ್ತು ನಾನು ನಾಚ್ಕೊಂಡು ಸುಮ್ನೆ ಇದ್ದಿದ್ರೆ?"

"ನಮಗೆ ಗೊತ್ತೇ ಆಗ್ತಿರ್ಲಿಲ್ಲಮ್ಮ."

"ಸರಿ. ಆಪರೇಷನ್ನಿಗೆ ಯಾವತ್ತು ಬರ್ಬೇಕು ಅಂತ ಡಾಕ್ಟರಮ್ಮನ್ನ ಕೇಳಿ."

ನೀವೂ ಒಂದು ಮಾತು ಕೇಳಿ. ಕಂಪ್ಯೂಟರಿನ ಯಾವುದೇ ಸೇವೆಯನ್ನು ಮುಚ್ಚಿದ ಮೇಲೆ ಆಫ್ ಮಾಡಿ, ಆನ್ ಮಾಡಿ, ಇನ್ನೊಂದು ಕಂಪ್ಯೂಟರಿನಿಂದ ಪರೀಕ್ಷಿಸಿ. ಸಹಾಯ ಪುಟ ತಪ್ಪಾಗಿದ್ದರೆ ನಿಮ್ಮದನ್ನಷ್ಟೇ ಸರಿಮಾಡಿಕೊಂಡು ಕೈತೊಳೆದುಕೊಳ್ಳಬೇಡಿ. ಬರೆದವರಿಗೆ ತಿಳಿಸಿ. ಅವರು ತಿದ್ದುವ ತನಕ ಬೆನ್ನು ಬಿಡಬೇಡಿ.